ಹನ್ನೊಂದನೇ ನಂಬರಿನವನ ನಗು

ಫೆಬ್ರುವರಿ 6, ಮಾಲ್ದೀವ್ಸ್

ನಡೆದದ್ದನ್ನು ನಡೆದ ಹಾಗೆ ಬರೆಯಬೇಕು ಎಂದು ಕ್ಲಬ್ಬಿನ ಆಪ್ತ ಸಮಾಲೋಚಕಿ ಹೇಳಿದ್ದಾರೆ. ಯಾರಿಗೂ ತೋರಿಸಬೇಕಿಲ್ಲ, ನಿನ್ನ ಭಾಷೆಯಲ್ಲೇ ಬರೆ, ಕೊನೆಗೆ ಆ ದಿನದ ಸಿಟ್ಟಿಗೆ ಹತ್ತಕ್ಕೆ ಎಷ್ಟು ಎಂದು ಅಂಕ ಹಾಕು ಎಂದರು. ಶಾಲೆಯಲ್ಲಿ ನನಗೆ ಯಾವ ವಿಷಯದಲ್ಲೂ ಹತ್ತಕ್ಕೆ ಎಂಟು ಬಂದಿಲ್ಲ. ಇದರಲ್ಲಿ ಬರುತ್ತದೆ.

ನಡೆದದ್ದು ಇಷ್ಟು. ನಿನ್ನೆ ಸಂಜೆಯ ವಾಲಿಬಾಲ್ ಪಂದ್ಯದ ಮೂರನೇ ಸೆಟ್ಟಿನಲ್ಲಿ ನಾವು ಒಂದು ಅಂಕ ಹಿಂದಿದ್ದೆವು. ಸೆಟ್ಟರ್ ಚೆಂಡನ್ನು ನನಗೇ ಎತ್ತಿಕೊಟ್ಟ. ಎದುರಿಗೆ ತಡೆಯುವವರು ಇರಲಿಲ್ಲ, ಅಂಗಳ ಖಾಲಿ ಇತ್ತು. ನಾನು ಹೊಡೆದ ಚೆಂಡು ಗೆರೆಯಿಂದ ಒಂದು ಗೇಣು ಆಚೆ ಬಿತ್ತು. ಸೆಟ್ ಹೋಯಿತು. ನೆಟ್ಟಿನ ಆ ಕಡೆ ನಿಂತಿದ್ದ ಹನ್ನೊಂದನೇ ನಂಬರಿನವನು ನಕ್ಕ. ಮಾತಾಡಲಿಲ್ಲ, ಬೈಯಲಿಲ್ಲ, ಸನ್ನೆ ಮಾಡಲಿಲ್ಲ. ನಕ್ಕ, ಅಷ್ಟೇ. ನಾನು ನೆಟ್ಟಿನ ಕೆಳಗೆ ನುಗ್ಗಿ ಅವನ ಅಂಗಿ ಹಿಡಿದು ಬಾಯಿಗೆ ಗುದ್ದಿದೆ. ಮುಂದಿನ ಎರಡು ಹಲ್ಲು ಮುರಿದವು. ರೆಫರಿ ಹಳದಿ, ಕೆಂಪು ಎರಡೂ ಕಾರ್ಡು ತೋರಿಸಿ ನನ್ನನ್ನು ಹೊರಗೆ ಹಾಕಿದರು.

ಮಾರ್ಚ್ ಮೊದಲ ವಾರ ಲೀಗಿನ ಶಿಸ್ತು ಸಮಿತಿ ವಿಡಿಯೊದಲ್ಲಿ ವಿಚಾರಣೆ ನಡೆಸುತ್ತದೆ. ಅಲ್ಲಿಯವರೆಗೆ ಊರಿಗೆ ಹೋಗು ಎಂದಿದ್ದಾರೆ. ಎರಡು ವರ್ಷ ನಿಷೇಧ ಹಾಕಿದರೆ ಕ್ಲಬ್ ಒಪ್ಪಂದ ಮುರಿಯುತ್ತದೆ. ನನಗೆ ಇಪ್ಪತ್ತೇಳು. ಎರಡು ವರ್ಷ ಆಡದ ಅಟ್ಯಾಕರನನ್ನು ಯಾವ ದೇಶದವರೂ ಕರೆಯುವುದಿಲ್ಲ. ನನಗೆ ಬೇರೆ ಕೆಲಸ ಬರುವುದಿಲ್ಲ.

ಆ ನಗು ಇನ್ನೂ ಕಣ್ಣ ಮುಂದಿದೆ. ಸಿಟ್ಟು: 9.

ಫೆಬ್ರುವರಿ 9, ಸುರಪುರ

ಯಾದಗಿರಿಯಲ್ಲಿ ರೈಲು ಇಳಿದರೆ ಬಸಲಿಂಗ ಹಾರ ಹಿಡಿದು ನಿಂತಿದ್ದ. ಜೊತೆಗೆ ಬಾಡಿಗೆ ಕಾರು, ಐದಾರು ಹುಡುಗರು. ಬಸಲಿಂಗ ನನ್ನ ಹೈಸ್ಕೂಲ್ ತಂಡದ ಸೆಟ್ಟರ್. ಈಗ ಸುರಪುರದ ಬಸ್ ಸ್ಟ್ಯಾಂಡ್ ಹತ್ತಿರ ಫ್ಲೆಕ್ಸ್ ಅಂಗಡಿ ಇಟ್ಟಿದ್ದಾನೆ. ಮುಂದಿನ ಸಲ ನಗರಸಭೆಗೆ ನಿಲ್ಲುವ ಆಸೆಯೂ ಇದೆ.

ಕಾರಿನಲ್ಲಿ ಕೂತ ಕೂಡಲೇ ಕೇಳಿದ: "ಏನಂದ ಅಂವ? ಖರೇ ಹೇಳು."

"ಏನೂ ಅನ್ನಲಿಲ್ಲ."

"ನನ್ನ ಮುಂದೂ ಮುಚ್ಚಿಡ್ತೀಯೇನಲೇ? ತಾಯಿಗಿ ಬೈದಿರ್ತಾನ. ಇಲ್ಲಂದ್ರ ನೀ ಹಂಗ ಕೈ ಎತ್ತಾಂವಲ್ಲ."

"ನಾ ಎಂಥಾಂವ ಅಂತ ನಿನಗೊತ್ತಿಲ್ಲೇನು?"

"ಗೊತ್ತದ, ಅದಕ್ಕ ಹೇಳಾಕತ್ತೀನಿ. ಸುಮ್ಮಸುಮ್ಮನ ಹೊಡಿಯಾಕ ನೀ ಏನು ಹುಚ್ಚನ?"

ಹಿಂದಿನ ಸೀಟಿನವರೆಲ್ಲ ಹೌದು ಹೌದು ಎಂದರು. ನಾನು ಕಿಟಕಿಯ ಹೊರಗೆ ನೋಡಿದೆ. ಸುಮ್ಮನಿದ್ದದ್ದನ್ನು ಅವರು ಒಪ್ಪಿಗೆ ಎಂದುಕೊಂಡರು. ಶಹಾಪುರದಲ್ಲಿ ಚಹಾಕ್ಕೆ ಇಳಿದಾಗ ಆ ಕಥೆ ನನಗಿಂತ ಮೊದಲೇ ಹೋಟೆಲಿನೊಳಗೆ ಹೋಗಿ ಕೂತಿತ್ತು. ಇಬ್ಬರು ಬಂದು ಕೈ ಕುಲುಕಿದರು. ಒಬ್ಬ ನನ್ನ ಮುಷ್ಟಿಯ ಫೋಟೊ ತೆಗೆದುಕೊಂಡ.

ಸುರಪುರದ ಬಸ್ ಸ್ಟ್ಯಾಂಡ್ ಎದುರು ಬ್ಯಾನರ್. 'ಸುರಪುರದ ಹುಲಿಗೆ ಸುಸ್ವಾಗತ.' ನಾನು ಗುದ್ದುತ್ತಿರುವ ಚಿತ್ರವನ್ನೇ ಬಸಲಿಂಗ ದೊಡ್ಡದು ಮಾಡಿ ಹಾಕಿದ್ದಾನೆ. ಹನ್ನೊಂದನೇ ನಂಬರಿನವನ ಮುಖ ಅರ್ಧ ಕಾಣುತ್ತದೆ. ಮೂಲೆಯಲ್ಲಿ ಕೈ ಮುಗಿದ ಬಸಲಿಂಗ, ಅವನದು ಪೂರ್ತಿ ಕಾಣುತ್ತದೆ.

ಅದರ ಕೆಳಗೇ ಅಪ್ಪನ ಪೇಪರ್ ಮಾರುವ ಜಾಗ. ಅಪ್ಪ ಬೆಳಿಗ್ಗೆ ಮನೆಮನೆಗೆ ಪೇಪರ್ ಹಾಕಿ ಉಳಿದದ್ದನ್ನು ಅಲ್ಲಿ ಮಾರುತ್ತಾನೆ. ಊರಿಗೆಲ್ಲ ಪೇಪರ್ ದುರಗಪ್ಪ. ನನ್ನನ್ನು ನೋಡಿ ಎದ್ದು ನಿಂತ. ಬ್ಯಾನರಿನ ಕಡೆ ಕತ್ತೆತ್ತಿ, "ಫೋಟೊ ಯಾರು ಕೊಟ್ರು?" ಎಂದು ಕೇಳಿದ. ಬೇರೆ ಏನೂ ಕೇಳಲಿಲ್ಲ.

ಇದು ನನಗಾಗಿಯೇ ಬರೆಯುತ್ತಿರುವುದರಿಂದ ಬರೆಯುತ್ತೇನೆ: ಬ್ಯಾನರ್ ನೋಡಿ ಒಳಗೊಳಗೆ ಖುಷಿಯಾಯಿತು. ಸಿಟ್ಟು: 3.

ಫೆಬ್ರುವರಿ 11

ಅವ್ವ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಇವತ್ತು ಟೀಚರುಗಳು ಅವಳನ್ನು ಆಫೀಸಿಗೆ ಕರೆದು ಕುರ್ಚಿಯ ಮೇಲೆ ಕೂರಿಸಿ ಚಹಾ ಕೊಟ್ಟರಂತೆ. ಹದಿನಾರು ವರ್ಷದಲ್ಲಿ ಮೊದಲ ಸಲ.

ರಾತ್ರಿ ಊಟಕ್ಕೆ ನೀಡುತ್ತ ಕೇಳಿದಳು. "ನನ್ನ ಸಲುವಾಗಿ ಜಗಳ ಮಾಡಿದೇನೋ ಯಪ್ಪಾ?"

ನಾನು ರೊಟ್ಟಿ ಮುರಿದೆ.

"ನನ್ನ ಹೆಸರೂ ಗೊತ್ತಿಲ್ಲದ ಊರಾಗ ನನಗ್ಯಾಕ ಬೈತಾರ? ನಾ ಏನು ಮಾಡೀನಿ ಅವರಿಗಿ?"

"ಹಿಂಡಿ ನೀಡು ಯವ್ವ."

ಅವಳು ಚಟ್ನಿಪುಡಿ ನೀಡಿದಳು. ಆ ಕುರ್ಚಿಯ ಸಂಗತಿ ಮತ್ತೊಮ್ಮೆ ಹೇಳಿದಳು.

ಫೆಬ್ರುವರಿ 13

ಅಪ್ಪ ಬೆಳಗಿನ ಸುತ್ತು ಮುಗಿಸಿ ಬಂದು ಸೈಕಲ್ ನಿಲ್ಲಿಸಿದ. ಪೇಪರೊಂದನ್ನು ಮಡಚಿ ನನ್ನ ಮುಂದಿಟ್ಟ. ಜಿಲ್ಲೆಯ ಪುಟದಲ್ಲಿ ನನ್ನ ಫೋಟೊ. ಶೀರ್ಷಿಕೆ: 'ಹೆತ್ತ ತಾಯಿಯ ನಿಂದಿಸಿದವಗೆ ತಕ್ಕ ಪಾಠ.' ಒಳಗೆ 'ಮೂಲಗಳ ಪ್ರಕಾರ' ಎಂದಿತ್ತು.

"ಮೂಲ ಯಾರು?" ಎಂದ ಅಪ್ಪ.

"ಬಸಲಿಂಗ ಇರಬೇಕು."

"ಅಂವಗ ಮೂಲ ಯಾರು?"

ನಾನು ಪೇಪರನ್ನು ಅವನ ಕಡೆ ಸರಿಸಿದೆ.

"ಖರೇನೋ ಸುಳ್ಳೋ? ಒಂದ ಮಾತಿನ್ಯಾಗ ಹೇಳು."

"ಸುಳ್ಳು."

ಅಪ್ಪ ಪೇಪರನ್ನು ತಿರುಗಿ ತೆಗೆದುಕೊಂಡು ಮಡಿಕೆ ಸರಿ ಮಾಡಿದ. "ಇಷ್ಟು ವರ್ಷದಾಗ ಸುಳ್ಳು ಸುದ್ದಿ ಬಾಳ ಹಾಕಿರಬೇಕು ನಾ. ನನಗ ಗೊತ್ತಿರಲಿಲ್ಲ, ಹಾಕಿದೆ. ಇವತ್ತ ಅನುಮಾನ ಬಂದಿತ್ತು. ಆದರೂ ಹಾಕಿ ಬಂದೀನಿ."

"ಹಾಕಬಾರದಿತ್ತು."

"ಹೆಂಗ ಬಿಡಾಕಾಗ್ತದ? ಮಂದಿ ಪೇಪರಿನ ದಾರಿ ನೋಡ್ತಿರ್ತಾರ." ಸೈಕಲ್ ಹತ್ತುವ ಮುಂಚೆ ಹೇಳಿದ: "ನಿಮ್ಮವ್ವ ಓದಾಕ ಕಲ್ತಿಲ್ಲ. ಓದಿ ಹೇಳು ಅಂದಳು. ನಾ ಇನ್ನೂ ಹೇಳಿಲ್ಲ."

ಅವನು ಹೋದ ಮೇಲೆ ಅಂಗಳದಲ್ಲಿದ್ದ ಪ್ಲಾಸ್ಟಿಕ್ ಬಕೆಟ್ ಒದ್ದೆ. ಒಡೆಯಿತು. ಸಿಟ್ಟು: 8. ಯಾರ ಮೇಲೆ ಎಂದೂ ಬರೆಯಬೇಕಂತೆ. ಗೊತ್ತಾಗುತ್ತಿಲ್ಲ.

ಫೆಬ್ರುವರಿ 15

ಖಾಜಾಹುಸೇನ ಸರ್ ಹೈಸ್ಕೂಲಿನಲ್ಲಿ ನನಗೆ ಆಟ ಕಲಿಸಿದವರು. ನಿವೃತ್ತರಾದರೂ ಮೈದಾನ ಬಿಟ್ಟಿಲ್ಲ. ಈಗ ಹುಡುಗಿಯರ ತಂಡ ಕಟ್ಟಿದ್ದಾರೆ. ಬೆಳಿಗ್ಗೆ ಅಲ್ಲಿಗೆ ಹೋದೆ.

"ಬಾರಪ ಹುಲಿ," ಎಂದರು. "ನಾಷ್ಟಾ ಏನು ತರಸ್ಲಿ ನಿನಗ? ಉಪ್ಪಿಟ್ಟು ತಿಂತೀಯೋ, ಕುರಿನ ಬೇಕೋ?"

ಹುಡುಗಿಯರು ನಕ್ಕರು. ನನ್ನ ಕಿವಿ ಬಿಸಿಯಾದವು.

"ಪ್ರಾಕ್ಟೀಸ್ ಮಾಡಾಕ ಬಂದೀನ್ರಿ ಸರ್."

"ಹೊಡಿಯೋ ಪ್ರಾಕ್ಟೀಸ್ ಬಾಳ ಆಗ್ಯಾದ ನಿಂದು, ಮೊಬೈಲಿನ್ಯಾಗ ನೋಡೀನಿ. ಹೋಗಿ ಹಿಂದಿನ ಗೆರಿ ಮ್ಯಾಲ ನಿಂದ್ರು. ಇವರು ಸರ್ವ್ ಹಾಕ್ತಾರ. ನೀ ಬರೇ ಎತ್ತು. ಒಂದು ಹೊಡತ ಹೊಡದರೂ ಮನಿಗಿ ಕಳಸ್ತೀನಿ."

ಹೈಸ್ಕೂಲ್ ಹುಡುಗಿಯರ ಸರ್ವ್ ಎತ್ತುವುದು ಕಷ್ಟವಲ್ಲ ಎಂದುಕೊಂಡಿದ್ದೆ. ಚೆಂಡು ನನ್ನ ತೋಳಿಗೆ ಬಡಿದು ಕಂಪೌಂಡ್ ಗೋಡೆ ದಾಟಿತು. ಎರಡನೆಯದು ನೀರಿನ ಟ್ಯಾಂಕಿನ ಕಡೆ ಹೋಯಿತು. ಹದಿನೈದು ವರ್ಷದಿಂದ ನಾನು ಹೊಡೆಯುವವನು. ಎತ್ತುವುದು ಬೇರೆಯವರ ಕೆಲಸ ಎಂದು ಬಿಟ್ಟಿದ್ದೆ.

ಸರ್ ಹತ್ತಿರ ಬಂದು ನನ್ನ ಹೆಗಲ ಮೇಲೆ ಒಂದು ಏಟು ಹಾಕಿದರು. "ಮೈ ಯಾಕ ಕಟ್ಟಿಗಿ ಮಾಡ್ತೀ? ಚೆಂಡು ನಿನ್ನ ಬಡಿಯಾಕ ಬರ್ತದ ಅಂತ ತಿಳದೀಯೇನು? ಅದು ಬರಾಕ ಬರ್ತದ, ಅಷ್ಟ. ಮೊಣಕಾಲು ಬಗ್ಗಸು. ಅದಕ್ಕ ಬರಾಕ ಜಾಗಾ ಕೊಡು."

ಮಧ್ಯಾಹ್ನದ ಹೊತ್ತಿಗೆ ತೋಳು ಕೆಂಪಾಗಿದ್ದವು. ಅವರು ಹಲ್ಲಿನ ಸಂಗತಿ ಕೇಳಲೇ ಇಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಸಿಟ್ಟು: 6. ಹುಡುಗಿಯರು ನಕ್ಕದ್ದಕ್ಕೆ.

ಫೆಬ್ರುವರಿ 18

ಕ್ಲಬ್ಬಿನ ಮ್ಯಾನೇಜರ್ ಫೋನ್ ಮಾಡಿದ್ದ. ಬ್ಯಾನರಿನ ಫೋಟೊ ಅವನಿಗೆ ತಲುಪಿದೆ. ಯಾರೋ ಕ್ಲಬ್ಬಿನ ಪುಟಕ್ಕೇ ಅಂಟಿಸಿದ್ದಾರೆ. ಹೊಡೆದವನನ್ನು ನಿಮ್ಮ ಊರಿನವರು ಮೆರೆಸುತ್ತಿದ್ದಾರೆ, ಸಮಿತಿಯವರು ಇದನ್ನು ನೋಡಿದರೆ ಪಶ್ಚಾತ್ತಾಪ ಇಲ್ಲ ಎಂದು ಬರೆಯುತ್ತಾರೆ ಎಂದು ಕೂಗಾಡಿದ. ಆಮೇಲೆ ಸ್ವರ ಇಳಿಸಿ ಹಿಂದಿಯಲ್ಲಿ ಕೇಳಿದ: ಬ್ಯಾನರಿನಲ್ಲಿ ಏನೇ ಇರಲಿ, ಅವನು ನಿನ್ನ ತಾಯಿಗೆ ಬೈದನಂತಲ್ಲ, ನಿಜವೇ?

ನಾನು ಇಲ್ಲ ಎಂದೆ.

ರೆಫರಿ ದೂರ ಇದ್ದರು, ವಿಡಿಯೊದಲ್ಲಿ ಧ್ವನಿ ಇಲ್ಲ, ಹನ್ನೊಂದನೇ ನಂಬರಿನವನ ಬಾಯಿ ಆಡಿದ್ದು ಮಾತ್ರ ಕಾಣುತ್ತದೆ ಎಂದ ಮ್ಯಾನೇಜರ್. ಕೆರಳಿಸಿದ್ದ ಎಂದಾದರೆ ಕೆಲವೇ ಪಂದ್ಯಗಳ ನಿಷೇಧ, ಇಲ್ಲವಾದರೆ ಎರಡು ವರ್ಷ. ನಾನು ಏನೂ ಹೇಳಿಕೊಡುತ್ತಿಲ್ಲ, ಯೋಚನೆ ಮಾಡು ಎಂದು ಫೋನ್ ಇಟ್ಟ.

ಯೋಚನೆ ಮಾಡುತ್ತಿದ್ದೇನೆ. ಬೈದ ಎಂದು ಒಂದು ಮಾತು ಹೇಳಿದರೆ ಸಾಕು. ಊರೆಲ್ಲ ಆಗಲೇ ಹೇಳಿದೆ, ಪೇಪರಿನಲ್ಲೂ ಬಂದಿದೆ. ಹೇಳದೆ ಉಳಿದವನು ನಾನೊಬ್ಬ.

ಸಿಟ್ಟು: 7.

ಫೆಬ್ರುವರಿ 20

ಎರಡನೇ ಬ್ಯಾನರ್ ಬಂದಿದೆ. 'ತಾಯಿಯ ಮಾನ ಕಾಯ್ದ ಮಗ.' ಈ ಸಲ ಬಸಲಿಂಗ ಅವ್ವನ ಫೋಟೊ ಹಾಕಿದ್ದಾನೆ. ಹಿಂದೊಮ್ಮೆ ಆಧಾರ್ ಝೆರಾಕ್ಸಿಗೆ ಅವನ ಅಂಗಡಿಗೆ ಹೋಗಿದ್ದಳು, ಆಗಿನದು. ಅವ್ವ ಈಗ ಬಸ್ ಸ್ಟ್ಯಾಂಡ್ ರಸ್ತೆ ಬಿಟ್ಟು ಹಿಂದಿನ ಓಣಿಯಿಂದ ಶಾಲೆಗೆ ಹೋಗುತ್ತಾಳೆ.

ಸಿಟ್ಟು: 10.

ಫೆಬ್ರುವರಿ 22

ಸನ್ಮಾನ ಬೇಡ ಎಂದು ಮೂರು ದಿನದಿಂದ ಹೇಳುತ್ತಿದ್ದೆ. ಆದರೂ ಬಸಲಿಂಗ ಬಸ್ ಸ್ಟ್ಯಾಂಡ್ ಹತ್ತಿರ ಶಾಮಿಯಾನ ಹಾಕಿಸಿಬಿಟ್ಟಿದ್ದ. ಹೋಗದಿದ್ದರೆ ಇನ್ನೂ ದೊಡ್ಡ ಮಾತಾಗುತ್ತದೆ ಎಂದು ಹೋದೆ. ಇದು ನೆಪ. ನಾಲ್ಕು ಜನ ಹೊಗಳುವುದನ್ನು ಕೇಳಬೇಕು ಎಂಬ ಆಸೆಯೂ ಇತ್ತು.

ಶಾಲು ಹೊದಿಸಿದರು. ಹಲಗೆ ಬಾರಿಸಿದರು. ಒಬ್ಬರು ಸುರಪುರದ ಮಣ್ಣಿನ ಗುಣವೇ ಹಾಗೆ ಎಂದು ಭಾಷಣ ಮಾಡಿದರು. ಮೈಕು ನನ್ನ ಕೈಗೆ ಬಂತು. ರಸ್ತೆಯ ಆ ಕಡೆ ಅಪ್ಪ ಪೇಪರಿನ ಗಂಟಿನ ಮುಂದೆ ಕೂತು ಇತ್ತಲೇ ನೋಡುತ್ತಿದ್ದ. ಅಲ್ಲಿಯೇ ಹೇಳಬಹುದಿತ್ತು. "ನಿಮ್ಮ ಆಶೀರ್ವಾದ ಇರಲಿ" ಎಂದು ಕೂತೆ. ಮತ್ತೆ ನೋಡುವಷ್ಟರಲ್ಲಿ ಅಪ್ಪ ಗಂಟು ಕಟ್ಟಿಕೊಂಡು ಹೋಗಿದ್ದ.

ಮುಗಿದ ಮೇಲೆ ಬಸಲಿಂಗ ಶಾಮಿಯಾನದ ಹಿಂದೆ ಕರೆದು ಫೋನ್ ಎತ್ತಿ ಹಿಡಿದ. "ಒಂದು ವಿಡಿಯೊ ಹೇಳಿಬಿಡು. ಅಂವ ನಮ್ಮವ್ವಗ ಬೈದ, ನಾ ಹೊಡದೆ. ಇಷ್ಟ."

"ಬೈದಿಲ್ಲ ಅಂತ ನಿನಗ ಮೊದಲ ದಿನ ಹೇಳೀನಿ."

"ಬೈದಿಲ್ಲಂದ್ರ ಯಾಕ ಹೊಡದಿ?"

"ನಕ್ಕ."

ಬಸಲಿಂಗ ನನ್ನನ್ನೇ ನೋಡಿದ. ಆಮೇಲೆ ಅವನಿಗೂ ನಗು ಬಂತು. "ನಕ್ಕಿದ್ದಕ್ಕ?" ಎಂದ. "ಇಷ್ಟೆಲ್ಲಾ ಖರ್ಚು ಮಾಡೀನಲ್ಲೋ ಮಾರಾಯಾ, ನಕ್ಕಿದ್ದಕ್ಕ?"

ನಾನು ಅವನ ಕಾಲರ್ ಹಿಡಿದಿದ್ದೆ. ಯಾವಾಗ ಹಿಡಿದೆ ಎಂದು ನೆನಪಿಲ್ಲ. ಬಲಗೈ ಎತ್ತಿಯಾಗಿತ್ತು. ಅವನು ತಪ್ಪಿಸಿಕೊಳ್ಳಲಿಲ್ಲ.

"ಹೊಡಿ," ಎಂದ. "ಹಲ್ಲು ಮುರಿ. ಎಂಟನೇ ಕ್ಲಾಸಿನಿಂದ ನಿನಗ ಚೆಂಡು ಎತ್ತಿಕೊಟ್ಟೀನಿ, ಇದನ್ನೂ ಎತ್ತಿಕೊಡ್ತೀನಿ, ಹೊಡಿ."

ಸುತ್ತ ನಾಲ್ಕೈದು ಫೋನುಗಳು ಎದ್ದಿದ್ದವು. ಕೈ ಬಿಟ್ಟೆ. ಶಾಲು ನೆಲಕ್ಕೆ ಬಿದ್ದಿತ್ತು. ಯಾರೋ ಎತ್ತಿಕೊಟ್ಟರು, ತೆಗೆದುಕೊಳ್ಳದೆ ಬಂದೆ.

ಕೈ ಬಿಟ್ಟದ್ದು ಫೋನುಗಳಿಗೆ ಹೆದರಿ. ಇದನ್ನು ಸಂಯಮ ಎಂದು ಬರೆದುಕೊಳ್ಳಲಾರೆ. ಸಿಟ್ಟು: 10. ಇನ್ನೂ ಇಳಿದಿಲ್ಲ.

ಫೆಬ್ರುವರಿ 25

ಅವ್ವ ತಿಂಥಣಿಗೆ ಹೋಗಿಬರೋಣ ಎಂದಳು. ಮೌನೇಶ್ವರನಿಗೆ ಕಾಯಿ ಒಡೆಸಿ ನದಿಯ ದಂಡೆಗೆ ಇಳಿದೆವು. ಒಬ್ಬರು ಬಲೆ ಬಿಡಿಸುತ್ತ ಕೂತಿದ್ದರು. ಅವ್ವ ಬುತ್ತಿ ಬಿಚ್ಚಿದಳು. ಗರಿಗರಿಯಾದ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ.

ಅವಳು ಕೇಳುವ ಮೊದಲೇ ಹೇಳಿದೆ. "ಯವ್ವ, ಅಂವ ನಿನಗ ಬೈದಿಲ್ಲ. ನಾ ಚೆಂಡು ಹೊರಗ ಹೊಡದೆ, ಅಂವ ನಕ್ಕ. ಅದಕ್ಕ ಹೊಡದೆ."

ಅವಳು ರೊಟ್ಟಿ ಮುರಿಯುತ್ತಿದ್ದವಳು ನಿಲ್ಲಿಸಿದಳು. ಆ ಕುರ್ಚಿ, ಚಹಾ ನನಗೆ ನೆನಪಾದವು. ಅವಳಿಗೂ ನೆನಪಾಗಿರಬೇಕು. ತುಸು ಹೊತ್ತಿನ ಮೇಲೆ ಕೇಳಿದಳು:

"ಎಷ್ಟು ಹಲ್ಲು?"

"ಎರಡು. ಮುಂದಿನವು."

"ಮುಂದಿನ ಹಲ್ಲ ಇಲ್ಲಂದ್ರ ರೊಟ್ಟಿ ಹೆಂಗ ಕಡೀತಾನ?"

"ಆ ಕಡಿ ರೊಟ್ಟಿ ಇರಂಗಿಲ್ಲ ಬೇ."

"ಏನರೇ ಕಡಿಯೋದು ಇರ್ತದಲ್ಲ," ಎಂದಳು. "ಹುಡುಗ ಎಷ್ಟು ವರ್ಷದಾಂವ? ಲಗ್ನ ಆಗ್ಯಾದೇನು?"

ಗೊತ್ತಿಲ್ಲ ಎಂದೆ. ಮೂರು ಸೀಸನ್ ಅವನ ಎದುರು ಆಡಿದ್ದೇನೆ. ಅವನ ಹೆಸರನ್ನು ಸರಿಯಾಗಿ ಉಚ್ಚರಿಸಲೂ ನನಗೆ ಬರುವುದಿಲ್ಲ.

ಬಸ್ಸಿನಲ್ಲಿ ಅವ್ವ ನಿದ್ದೆ ಮಾಡಿದಳು. ಸಂಜೆ ಮೈದಾನಕ್ಕೆ ಹೋಗಿ ಚೆಂಡು ಎತ್ತಿದೆ. ಒಂದೂ ಗೋಡೆ ದಾಟಲಿಲ್ಲ.

ಮಾರ್ಚ್ 4

ವಿಚಾರಣೆ ಖಾಜಾಹುಸೇನ ಸರ್ ಮನೆಯ ಮಹಡಿಯಲ್ಲಿ. ಅಲ್ಲಿ ನೆಟ್‌ವರ್ಕ್ ಚೆನ್ನಾಗಿದೆ. ಸರ್ ಅಳಿಯನ ಲ್ಯಾಪ್‌ಟಾಪ್ ಇಟ್ಟುಕೊಟ್ಟು, "ನಾ ಕೆಳಗ ಇರ್ತೀನಿ. ಮೈ ಬಿಗಿ ಮಾಡಬ್ಯಾಡ" ಎಂದು ಇಳಿದು ಹೋದರು.

ಸಮಿತಿಯ ಮೂವರು, ನಮ್ಮ ಮ್ಯಾನೇಜರ್, ಇನ್ನೊಂದು ಚೌಕದಲ್ಲಿ ಹನ್ನೊಂದನೇ ನಂಬರಿನವನು. ಮೊದಲು ನನಗೆ ಗುರುತು ಸಿಗಲಿಲ್ಲ. ಮಾತಾಡುವಾಗೆಲ್ಲ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದ. ಗೊತ್ತಿಲ್ಲದೆಯೇ ಹಿಡಿಯುತ್ತಿದ್ದ ಎಂದು ಕಾಣುತ್ತದೆ. ಹೆಸರು ಹೇಳುವಾಗಲೂ ಕೈ ಅಲ್ಲೇ ಇತ್ತು.

ಹೊಡೆದ ವಿಡಿಯೊ ಹಾಕಿದರು. ನಾನು ಪೂರ್ತಿ ನೋಡಿದ್ದು ಇದೇ ಮೊದಲು. ಬ್ಯಾನರಿನಲ್ಲಿ ಇಲ್ಲದ್ದು ಅದರಲ್ಲಿತ್ತು. ಅವನು ಬಿದ್ದ ಮೇಲೆ ನೆಲದ ಮೇಲೆ ಕೈಯಾಡಿಸಿ ಏನನ್ನೋ ಹುಡುಕುತ್ತಾನೆ.

ಆಮೇಲೆ ಎರಡನೇ ಬ್ಯಾನರಿನ ಫೋಟೊ ತೆರೆಯ ಮೇಲೆ ಬಂತು. ಅಧ್ಯಕ್ಷರು, ಇದು ನಿನ್ನ ಭಾಷೆ, ಏನು ಬರೆದಿದೆ ಓದಿ ಅರ್ಥ ಹೇಳು ಎಂದರು. ಅವ್ವನ ಮುಖ ತೆರೆಯ ತುಂಬ ಇತ್ತು. ಓದಿದೆ. ತಾಯಿಯ ಮಾನ ಕಾಯ್ದ ಮಗ ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಇದು ನಿಜವೇ, ಅವನು ನಿನ್ನ ತಾಯಿಯನ್ನು ನಿಂದಿಸಿದನೇ ಎಂದು ಕೇಳಿದರು.

ಫೋನಿಗೆ ಮ್ಯಾನೇಜರನ ಸಂದೇಶ ಬಂತು. ಹೌದು ಎನ್ನು, ಅಷ್ಟೇ ಇತ್ತು.

ಫೋನನ್ನು ಬೋರಲು ಇಟ್ಟೆ. ಅಧ್ಯಕ್ಷರು ಧ್ವನಿ ಕೇಳಿಸುತ್ತಿದೆಯೇ ಎಂದು ವಿಚಾರಿಸಿದರು. ಕೇಳಿಸುತ್ತಿದೆ ಎಂದೆ. ಆಮೇಲೆ ಹೇಳಿದೆ: ಇದು ನಿಜವಲ್ಲ. ಅವನು ಏನೂ ಅನ್ನಲಿಲ್ಲ. ನಾನು ಚೆಂಡು ಹೊರಗೆ ಹೊಡೆದೆ, ಅವನು ನಕ್ಕ, ನಾನು ಹೊಡೆದೆ. ಬ್ಯಾನರ್ ನಮ್ಮ ಊರಿನವರು ಪ್ರೀತಿಯಿಂದ ಹಾಕಿದ್ದು. ಸುಳ್ಳು ಎಂದು ನಾನು ಅವರಿಗೆ ಗಟ್ಟಿಯಾಗಿ ಹೇಳಲಿಲ್ಲ.

ಹನ್ನೊಂದನೇ ನಂಬರಿನವನಿಗೆ ಏನಾದರೂ ಹೇಳುವುದಿದೆಯೇ ಎಂದರು. ಅವನು ಅಂಗೈ ಹಿಂದಿನಿಂದ, ನಕ್ಕದ್ದು ಹೌದು, ನಾವು ಸೆಟ್ ಗೆದ್ದಿದ್ದೆವು ಎಂದ. ಅಷ್ಟೇ ಇತ್ತು ಅವನದು. ಗೆದ್ದವರು ನಗುತ್ತಾರೆ. ನಾನೂ ಎಷ್ಟೋ ಸಲ ನಕ್ಕಿದ್ದೇನೆ.

ಕ್ಷಮೆ ಕೇಳಿದೆ. ಅವನು ತಲೆ ಆಡಿಸಿದ. ಹೂಂ ಎಂದೋ ಊಹೂಂ ಎಂದೋ ತಿಳಿಯಲಿಲ್ಲ.

ಕೆಳಗೆ ಬಂದಾಗ ಸರ್ ಚಹಾ ಇಟ್ಟಿದ್ದರು. "ಆತೇನು?" ಎಂದರು. ಆಯಿತು ಎಂದೆ. "ಸಕ್ರಿ ಹಾಕ್ಕೋ" ಎಂದರು. ತೀರ್ಪು ತಿಂಗಳೊಳಗೆ ಬರುತ್ತದಂತೆ.

ಮಾರ್ಚ್ 7

ಅಪ್ಪನಿಗೆ ಎಲ್ಲ ಹೇಳಿದ್ದೆ. ಅಪ್ಪ ಪೇಪರಿನ ವರದಿಗಾರರ ಮನೆಗೆ ನನ್ನನ್ನು ಕರೆದುಕೊಂಡು ಹೋಗಿ ನನ್ನಿಂದಲೇ ಹೇಳಿಸಿದ. ಇವತ್ತು ಬಂದಿದೆ, ಹತ್ತಿ ಧಾರಣೆಯ ಕೆಳಗೆ ನಾಲ್ಕು ಸಾಲು. ಎದುರಾಳಿ ಆಟಗಾರ ನಿಂದಿಸಿರಲಿಲ್ಲ, ನಕ್ಕಿದ್ದ ಅಷ್ಟೇ ಎಂದು ಆಟಗಾರ ಹಣಮೇಶ ಸ್ಪಷ್ಟಪಡಿಸಿದ್ದಾರೆ. ಅಪ್ಪ ಅದನ್ನು ಎಲ್ಲ ಮನೆಗೂ ಹಾಕಿ ಬಂದು ಅವ್ವನಿಗೆ ಓದಿ ಹೇಳಿದ. ಎರಡು ಸಲ ಓದಿದ.

ನಾಲ್ಕು ಸಾಲು ಯಾರೂ ಓದುವುದಿಲ್ಲ ಎಂದುಕೊಂಡಿದ್ದೆ. ಸಂಜೆ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋದೆ. ಒಳಗೆ ಕಾಲಿಡುತ್ತಲೇ ಯಾರೋ ಕೂಗಿದರು: "ಹಣಮೇಶ ಬಂದಾನ, ಬಾಯಿ ಮುಚ್ಕೊಳ್ರೋ. ಹಲ್ಲು ಕಾಣಿಸಿದ್ರ ಹೋದವು."

ಹೋಟೆಲಿನಲ್ಲಿದ್ದವರೆಲ್ಲ ಬಾಯಿಗೆ ಅಂಗೈ ಅಡ್ಡ ಹಿಡಿದರು. ಗಲ್ಲಾದ ಮೇಲೆ ಕೂತಿದ್ದ ಮಾಲೀಕ ತೌಫೀಕ್ ಭಾಯಿಯೂ ಹಿಡಿದ. ಅವರಿಗೆ ಅದೊಂದು ತಮಾಷೆ. ನನಗೆ ಬೇರೊಂದು ಅಂಗೈ ಕಂಡಿತು. ಚಹಾ ಕುಡಿದೆ. ಸ್ವಲ್ಪ ತಣ್ಣಗಿತ್ತು.

ಬಸಲಿಂಗ ಎರಡೂ ಬ್ಯಾನರ್ ಬಿಚ್ಚಿದ್ದಾನೆ. ಅಪ್ಪ ಹೋಗಿ ದೊಡ್ಡದನ್ನು ಕೇಳಿ ತಂದ. ಮಳೆಗಾಲದಲ್ಲಿ ಪೇಪರಿನ ಗಂಟು ನೆನೆಯದಂತೆ ಹೊದಿಸಲು ಬರುತ್ತದಂತೆ. ಚಿತ್ರ ಕೆಳಗೆ ಬರುವ ಹಾಗೆ ಹೊದಿಸುತ್ತಾನಂತೆ.

ಸಿಟ್ಟು: 5? ಇರಬಹುದು.

ಮಾರ್ಚ್ 16

ಶಹಾಪುರದಲ್ಲಿ ಟೂರ್ನಮೆಂಟ್. ತೀರ್ಪಿನವರೆಗಿನ ಲೀಗಿನ ಅಮಾನತು ಊರ ಆಟಕ್ಕೆ ಅನ್ವಯಿಸುವುದಿಲ್ಲ ಎಂದು ಮ್ಯಾನೇಜರನನ್ನು ಕೇಳಿ ತಿಳಿದುಕೊಂಡೇ ಹೋದೆ. ನಮ್ಮ ತಂಡಕ್ಕೆ ಸೆಟ್ಟರ್ ಇರಲಿಲ್ಲ. ಖಾಜಾಹುಸೇನ ಸರ್ ಯಾರಿಗೋ ಫೋನ್ ಮಾಡಿದರು. ಅರ್ಧ ಗಂಟೆ ಬಿಟ್ಟು ಬಸಲಿಂಗ ಬೈಕಿನಿಂದ ಇಳಿದ. ಹೊಟ್ಟೆ ಬಂದಿದೆ, ಹಳೆಯ ಜರ್ಸಿ ಬಿಗಿಯಾಗಿತ್ತು.

ನೆಟ್ಟಿನ ಹತ್ತಿರ ನಿಂತು ನನ್ನ ಕಡೆ ನೋಡದೆ, "ಎತ್ತಲೇನು?" ಎಂದ.

"ಎತ್ತು."

"ಯಾರರೇ ನಕ್ಕರ ನಾ ಜಿಮ್ಮೇದಾರಲ್ಲ."

ಮೊದಲ ಸೆಟ್ಟಿನಲ್ಲೇ ಒಂದು ಚೆಂಡು ನೆಟ್ಟಿಗೆ ಹೊಡೆದೆ. ಸುದ್ದಿ ಶಹಾಪುರಕ್ಕೂ ತಲುಪಿತ್ತು. ಗೋಡೆಯ ಮೇಲೆ ಕೂತವರೆಲ್ಲ ಬಾಯಿಗೆ ಕೈ ಹಿಡಿದು ಕಿರುಚಿದರು. ಗಾಳಿ ಬಡಗಣದಿಂದ ಬೀಸುತ್ತಿತ್ತು, ಚೆಂಡು ಒಂದು ಗೇಣು ಮುಂದೆ ಬೇಕು ಎಂದು ಬಸಲಿಂಗನಿಗೆ ಹೇಳಿದೆ. ಆಮೇಲೆ ಸರಿಯಾಯಿತು. ಹಿಂದಿನ ಗೆರೆಯಲ್ಲಿ ಎತ್ತಿದ ಚೆಂಡುಗಳಲ್ಲಿ ಹೆಚ್ಚಿನವು ನೇರ ಅವನ ಕೈಗೆ ಹೋದವು. ಫೈನಲ್ ಸೋತೆವು. ಬರುವಾಗ ಮಿರ್ಚಿ ತಿಂದೆವು, ಬಸಲಿಂಗ ಕೊಡಿಸಿದ.

ಏಪ್ರಿಲ್ 2

ತೀರ್ಪು ಬಂತು. ಆರು ತಿಂಗಳು ನಿಷೇಧ, ಹಲ್ಲಿನ ಚಿಕಿತ್ಸೆಯ ಖರ್ಚು ನನ್ನದು. ನೇರವಾಗಿ ಒಪ್ಪಿಕೊಂಡದ್ದನ್ನು ಗಮನಿಸಿದ್ದೇವೆ ಎಂದು ಬರೆದಿದ್ದಾರೆ. ಕ್ಲಬ್ ಮುಂದಿನ ಸೀಸನ್ನಿಗೆ ಕರೆಯುತ್ತದೆ, ಇನ್ನೊಂದು ಕೆಂಪು ಕಾರ್ಡು ಬಿದ್ದರೆ ಅದೇ ಕೊನೆ. ಅವ್ವನಿಗೆ ಹೇಳಿದೆ. "ಹಲ್ಲು ಛಲೋದು ಹಾಕಸಂತ ಹೇಳು, ಸೋವಿದು ಬ್ಯಾಡ" ಎಂದಳು. ನಾಳೆಯಿಂದ ಹುಡುಗಿಯರಿಗೆ ತಾಲ್ಲೂಕು ಮಟ್ಟದ ಪಂದ್ಯಗಳಿವೆ. ಬೆಳಿಗ್ಗೆ ಬೇಗ ಏಳಬೇಕು.

ಅಕ್ಟೋಬರ್ 19, ಮಾಲ್ದೀವ್ಸ್

ಬಹಳ ದಿನದಿಂದ ಬರೆದಿರಲಿಲ್ಲ. ಸೂಟ್‌ಕೇಸಿನ ತಳದಲ್ಲಿ ಈ ಪುಸ್ತಕ ಸಿಕ್ಕಿತು.

ಇವತ್ತು ಅದೇ ತಂಡದ ಎದುರು ಆಡಿದೆವು. ಹೊಸ ಕೋಚ್ ನನ್ನನ್ನು ಹಿಂದಿನ ಸಾಲಿನಲ್ಲೂ ಉಳಿಸಿಕೊಳ್ಳುತ್ತಾರೆ, ಎತ್ತುವುದು ಸುಧಾರಿಸಿದೆಯಂತೆ. ಬಲ ಮಂಡಿ ಸ್ವಲ್ಪ ನೋಯುತ್ತಿದೆ, ಐಸ್ ಇಟ್ಟುಕೊಂಡು ಬರೆಯುತ್ತಿದ್ದೇನೆ. ಎರಡು ಸೆಟ್ ಅವರದು, ಎರಡು ನಮ್ಮದು. ಕೊನೆಯ ಸೆಟ್ಟಿನಲ್ಲಿ ಹದಿಮೂರು ಸಮ ಆಗಿದ್ದಾಗ ಚೆಂಡು ನನಗೆ ಬಂತು. ಗೆರೆಯ ಮೇಲೆ ಹಾಕಲು ಹೋದೆ, ಆಚೆ ಬಿತ್ತು. ಎದುರಿಗಿದ್ದ ಹನ್ನೊಂದನೇ ನಂಬರಿನವನು ನಕ್ಕ. ಬಾಯಿ ತೆರೆದು, ಕೈ ಅಡ್ಡ ಇಡದೆ ನಕ್ಕ. ಹಲ್ಲು ಹಾಕಿಸಿಕೊಂಡಿದ್ದಾನೆ. ಎಡಗಡೆಯದು ತುಸು ಹೆಚ್ಚು ಬೆಳ್ಳಗಿದೆ, ಆದರೆ ಹತ್ತಿರದಿಂದ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಮುಂದಿನ ಸರ್ವ್ ನಾನೇ ಎತ್ತಿದೆ, ಸೆಟ್ಟರನ ಕೈಗೆ ಸರಿಯಾಗಿ ಹೋಯಿತು. ಪಂದ್ಯ ಕೊನೆಗೆ ನಮ್ಮದಾಯಿತು, ಹದಿನೇಳು ಹದಿನೈದು.

ನಾಳೆ ಅವ್ವನಿಗೆ ಫೋನ್ ಮಾಡಿದಾಗ ಮರೆಯದೆ ಹೇಳಬೇಕು. ಗಟ್ಟಿ ಹಲ್ಲು. ಈಗ ರೊಟ್ಟಿ ಕಡಿಯಬಲ್ಲ.